ಇಟ್ಟಿಗೆ ಭಟ್ಟಿಯ ಹನ್ನೊಂದು ಮಂದಿ

ಬಹಳ ಹೊತ್ತು ಓಡಿದ ವಿಸಿಆರಿಗೆ ಒಂದು ವಾಸನೆಯಿರುತ್ತದೆ. ಒಳಗಿನ ಧೂಳು ಕಾದು, ಟೇಪು ಕಾದು, ಟೇಪಿನ ಪ್ಲಾಸ್ಟಿಕ್ ಡಬ್ಬಿಯೂ ಕಾದು ಹೊರಡುವ ವಾಸನೆ. ಸ್ಯಾಲ್‌ಫರ್ಡಿನ ಮೀಡಿಯಾಸಿಟಿಯಲ್ಲಿ ನಾನು ಟೀವಿ ಕಾರ್ಯಕ್ರಮಗಳಿಗೆ ಸದ್ದು ಕೂಡಿಸುವ ಕೆಲಸ ಮಾಡುತ್ತೇನೆ. ಕಳೆದ ಚಳಿಗಾಲದಲ್ಲಿ ನಮ್ಮ ಕೋಣೆಗೆ ಹಳೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಲೆಂದು ಯಾರೋ ಅಂಥದೊಂದು ಯಂತ್ರವನ್ನು ತಂದಿಟ್ಟರು. ಅದು ಓಡತೊಡಗಿ ಅರ್ಧ ಗಂಟೆಯಾಗಿರಬೇಕು, ನನ್ನ ಕಣ್ಣಲ್ಲಿ ನೀರು ಬಂತು. ಪಕ್ಕದಲ್ಲಿ ಕೂತಿದ್ದ ಹುಡುಗಿ ಅಲರ್ಜಿಯೇ ಎಂದು ಕೇಳಿದಳು. ಹೌದು, ಧೂಳು ಎಂದೆ. ಅವಳಿಗೆ ಏನೆಂದು ಹೇಳಲಿ? ಆ ವಾಸನೆ ನನ್ನ ಪಾಲಿಗೆ ಹಾರ್ಬೋರ್ನಿನ ನಮ್ಮ ಮನೆಯ ರವಿವಾರದ ಮಧ್ಯಾಹ್ನ. ಊಟವಾಗಿ, ಪರದೆ ಎಳೆದು, ಹನ್ನೊಂದು ಮಂದಿ ಸೋವಿಯತ್ ಸೈನಿಕರು ಧಾರವಾಡದ ಕನ್ನಡದಲ್ಲಿ ಮಾತಾಡಲು ಶುರುಮಾಡುವ ಹೊತ್ತು.

ಆ ಮನೆ ಈಗಲೂ ಇದೆ, ಬೇರೆ ಯಾರದೋ ಆಗಿದೆ. ಬರ್ಮಿಂಗ್‌ಹ್ಯಾಮಿನ ದೊಡ್ಡ ಆಸ್ಪತ್ರೆಗೆ ನಡೆದುಹೋಗುವಷ್ಟು ಹತ್ತಿರದಲ್ಲಿ, ಒಂದಕ್ಕೊಂದು ಅಂಟಿಕೊಂಡ ಕೆಂಪು ಇಟ್ಟಿಗೆಯ ಮನೆಗಳ ಸಾಲಿನಲ್ಲಿ ನಮ್ಮದೂ ಒಂದು. ಬಾಗಿಲು ತೆಗೆದ ಕೂಡಲೇ ಎಡಕ್ಕೆ ಆಯಿಯ ಕೋಣೆ; ಆಯಿ ಎಂದರೆ ಅಪ್ಪನ ತಾಯಿ. ಹಿಂದಿನ ಕೋಣೆಯಲ್ಲಿ ಟೀವಿ. ಅದರಾಚೆ ಅಡುಗೆಮನೆ, ಗ್ಯಾಸಿನ ಉರಿಯಲ್ಲಿ ಉಬ್ಬುವ ಜೋಳದ ರೊಟ್ಟಿ, ಅವ್ವ ರೊಟ್ಟಿ ಬಡಿಯುವ ಸದ್ದು. ಆ ಸದ್ದಿಗೆ ಪಕ್ಕದ ಮನೆಯ ಇಂಗ್ಲಿಷ್ ಅಜ್ಜ ಮೊದಮೊದಲು ಗೋಡೆ ತಟ್ಟುತ್ತಿದ್ದ, ಆಮೇಲೆ ರೊಟ್ಟಿಯ ರುಚಿ ಹತ್ತಿ ತಟ್ಟುವುದನ್ನು ಬಿಟ್ಟ. ಅಪ್ಪ ಆಸ್ಪತ್ರೆಯಲ್ಲಿ ಸರ್ಜನ್. ಅವ್ವ ಜಿಪಿಯ, ಎಂದರೆ ಬಡಾವಣೆಯ ಡಾಕ್ಟರರ, ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ಕೆಲಸಕ್ಕೆ ಹೋಗುತ್ತಿದ್ದಳು. ಮೆಟ್ಟಿಲ ಮೇಲಿನ ಪುಟ್ಟ ಕೋಣೆಯಲ್ಲಿ, ಒಂದು ಮಂಚ ಹಿಡಿದರೆ ನಿಲ್ಲಲು ಜಾಗ ಉಳಿಯದಂಥ ಕೋಣೆಯಲ್ಲಿ, ಮಲ್ಲು ಕಾಕಾ ಇದ್ದ. ಅವನನ್ನು ನಾನು ಏಕವಚನದಲ್ಲೇ ಕರೆಯುತ್ತಿದ್ದೆ, ಈಗಲೂ ಹಾಗೇ ಕರೆಯುತ್ತೇನೆ. ಅಷ್ಟು ಸಲಿಗೆ ಕೊಟ್ಟವನು ಆ ಮನೆಯಲ್ಲಿ ಅವನೊಬ್ಬನೇ.

ಮಲ್ಲು ಕಾಕಾ ಅಪ್ಪನ ಚಿಕ್ಕಪ್ಪನ ಮಗ. ಹುಟ್ಟಿದ ವರ್ಷವೇ ತಾಯಿಯನ್ನು ಕಳೆದುಕೊಂಡವನು, ಆಯಿಯ ಮಡಿಲಲ್ಲಿ ಬೆಳೆದವನು. ದೊಡ್ಡವ್ವ ಎಂದು ಅವಳನ್ನು ಕರೆಯುತ್ತಿದ್ದ. ಆಗ ಸೋವಿಯತ್ ದೇಶದಲ್ಲಿದ್ದ ಖಾರ್ಕಿವ್ ಎಂಬ ಊರಿನಲ್ಲಿ ಸ್ಕಾಲರ್‌ಶಿಪ್ಪಿನ ಮೇಲೆ ಡಾಕ್ಟರಿಕೆ ಓದಿ, ಊರಿಗೆ ಬಂದು ಎರಡು ವರ್ಷ ಕೆಲಸ ಮಾಡಿ, ಅಣ್ಣನ ಹಿಂದೆ ಇಂಗ್ಲೆಂಡಿಗೆ ಬಂದ. ಹೊರದೇಶದಲ್ಲಿ ಓದಿದವರು ಇಲ್ಲಿ ಡಾಕ್ಟರಾಗಲು ಒಂದು ಪರೀಕ್ಷೆ ಬರೆಯಬೇಕು. ಕಾಕಾನಿಗೆ ರೋಗ ಗೊತ್ತಾಗುತ್ತಿತ್ತು, ಮದ್ದು ಗೊತ್ತಾಗುತ್ತಿತ್ತು, ಅದನ್ನು ಇಂಗ್ಲಿಷರ ಧಾಟಿಯಲ್ಲಿ ಹೇಳಲು ಬರುತ್ತಿರಲಿಲ್ಲ. ಎರಡು ಸಲ ಫೇಲಾದ. ಹೊಟ್ಟೆಪಾಡಿಗೆಂದು ಅಪ್ಪ ಇದ್ದ ಆಸ್ಪತ್ರೆಯಲ್ಲೇ ಪೋರ್ಟರ್ ಆದ, ಎಂದರೆ ರೋಗಿಗಳನ್ನು ಟ್ರಾಲಿಯ ಮೇಲೆ ಮಲಗಿಸಿ ವಾರ್ಡಿನಿಂದ ಎಕ್ಸ್‌ರೇಗೆ, ಎಕ್ಸ್‌ರೇಯಿಂದ ಆಪರೇಷನ್ ಥಿಯೇಟರಿಗೆ ತಳ್ಳಿಕೊಂಡು ಹೋಗುವ ಕೆಲಸ. ಅವನು ತಳ್ಳಿಕೊಂಡು ಬಂದವರನ್ನು ಅಪ್ಪ ಕೊಯ್ದು ಹೊಲಿಯುತ್ತಿದ್ದರು. ಅಲ್ಲಿ ಇಬ್ಬರೂ ಎದುರಾದರೆ ತಲೆಯಾಡಿಸುತ್ತಿದ್ದರಷ್ಟೆ. ತಮ್ಮ ಎಂದು ಅಪ್ಪ ಯಾರಿಗೂ ಹೇಳಿರಲಿಲ್ಲ. ಇದನ್ನು ಬರೆಯುವಾಗ ನನಗೆ ಈಗಲೂ ಸಿಟ್ಟು ಬರುತ್ತದೆ.

ಅಜ್ಜ ತೀರಿಕೊಂಡ ಮೇಲೆ ಆಯಿ ಬರ್ಮಿಂಗ್‌ಹ್ಯಾಮಿಗೆ ಬಂದವಳು. ಬಂದ ಮರುವರ್ಷವೇ ಲಕ್ವಾ ಹೊಡೆದು ಬಲಗಡೆ ಪೂರ್ತಿ ಬಿದ್ದುಹೋಯಿತು. ಮಾತೂ ನಾಲ್ಕೈದು ಶಬ್ದಕ್ಕೆ ನಿಂತಿತು. ಅವಳ ಆರೈಕೆಗೆಂದು ಊರಿನ ಕೌನ್ಸಿಲ್ಲಿನಿಂದ ಬರುತ್ತಿದ್ದ ಹೆಂಗಸರು ಒಳ್ಳೆಯವರೇ. ಆದರೆ ಆಯಿಗೆ ದಿನಾ ಬೆಳಿಗ್ಗೆ ಲಿಂಗಪೂಜೆ ಆಗಬೇಕು, ಆಗದೆ ಬಾಯಿಗೆ ನೀರು ಹಾಕುವವಳಲ್ಲ. ಎಡ ಅಂಗೈಯ ಮೇಲೆ ಇಷ್ಟಲಿಂಗವನ್ನಿಟ್ಟುಕೊಂಡು ಬಲಗೈಯಿಂದ ಪೂಜೆ ಮಾಡಬೇಕು, ಬಲಗೈಯೇ ಇಲ್ಲ. ಮಲ್ಲು ಕಾಕಾ ಅವಳ ಬಲಪಕ್ಕದಲ್ಲಿ ಮಂಚದ ಮೇಲೆ ಕೂತು ತನ್ನ ಬಲಗೈಯನ್ನು ಅವಳಿಗೆ ಕೊಡುತ್ತಿದ್ದ. ಅವಳು ಕಣ್ಣಲ್ಲೇ ಹೇಳುತ್ತಿದ್ದಳು, ಅವನ ಕೈ ವಿಭೂತಿ ಹಚ್ಚುತ್ತಿತ್ತು, ನೀರು ಬಿಡುತ್ತಿತ್ತು, ಹಿತ್ತಲಿನ ಗುಲಾಬಿಯ ಎಸಳು ಏರಿಸುತ್ತಿತ್ತು. ಅವನಿಗೋ ದೇವರಲ್ಲಿ ನಂಬಿಕೆಯಿರಲಿಲ್ಲ. ಸೋವಿಯತ್ ದೇಶಕ್ಕೆ ಓದಲು ಹೋದವನು ಕೊರಳ ಲಿಂಗವನ್ನು ಅಲ್ಲೇ ಎಲ್ಲೋ ತೆಗೆದಿಟ್ಟಿದ್ದ. ಪೂಜೆಯಾದ ಮೇಲೆ ಆಯಿಯನ್ನು ಹೊರಳಿಸಿ ಬೆನ್ನು ನೋಡುತ್ತಿದ್ದ, ಹುಣ್ಣಾಗಿಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತಿದ್ದ. ಅಪ್ಪ ಕೆಲಸಕ್ಕೆ ಹೊರಡುವಾಗ ಬಾಗಿಲಲ್ಲೇ ನಿಂತು, "ಆರಾಮ ಇದ್ದೀ ಏನವಾ?" ಎಂದು ಕೇಳಿ ಹೋಗುತ್ತಿದ್ದರು. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ಅವ್ವ ಬೆನ್ನ ಹಿಂದೆ ನಗುತ್ತಿದ್ದಳು.

ಇನ್ನು ಸಿನಿಮಾಗಳ ಮಾತು. ಕಾಕಾನ ಜೊತೆ ಓದಿದವರೊಬ್ಬರು ಲೀಡ್ಸಿನಲ್ಲಿದ್ದರು. ಅವರು ಮಾಸ್ಕೋ ಕಡೆಯಿಂದ ಬರುವಾಗ ತಂದ ಮೂರು ನಾಲ್ಕು ಕ್ಯಾಸೆಟ್ಟುಗಳು ಕಾಕಾನ ಆಸ್ತಿ. ಎಲ್ಲವೂ ಯುದ್ಧದ ಚಿತ್ರಗಳು. ಎಲ್ಲದರಲ್ಲೂ ಕಥೆ ಒಂದೇ: ಕಡೆಯ ಸೇತುವೆಯನ್ನೋ ಸಣ್ಣ ಸ್ಟೇಷನ್ನನ್ನೋ ಹಿಡಿದು ನಿಂತ ಬೆರಳೆಣಿಕೆಯ ಸೋವಿಯತ್ ಸೈನಿಕರು, ಎದುರಿಗೆ ಇರುವೆಯಂತೆ ಬರುವ ಜರ್ಮನ್ ದಂಡು. ಕೆಳಗೆ ಅನುವಾದದ ಅಕ್ಷರ ಇಲ್ಲ, ಬಣ್ಣವೂ ಇಲ್ಲ. ರಷ್ಯನ್ ಬರುವುದು ಕಾಕಾನಿಗೊಬ್ಬನಿಗೇ. ಹೀಗಾಗಿ ಅವನು ಟೀವಿಯ ಪಕ್ಕ ನೆಲದ ಮೇಲೆ ಕೂತು, ಪ್ರತಿಯೊಬ್ಬರ ಮಾತನ್ನೂ ಅವರು ಆಡಿ ಮುಗಿಸುವ ಮೊದಲೇ ಕನ್ನಡದಲ್ಲಿ ಹೇಳುತ್ತಿದ್ದ. ಅದೂ ಒಂದೇ ಕನ್ನಡವಲ್ಲ. ಸಾರ್ಜೆಂಟ್ ಧಾರವಾಡದವನು. ಕಾಲೇಜು ಓದಿದ ಲೆಫ್ಟಿನೆಂಟ್ ಬೆಂಗಳೂರಿನವನು, "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಎನ್ನುವಂಥವನು. ಜಾರ್ಜಿಯಾದ ಮೀಸೆಯವನಿಗೆ ಮಂಗಳೂರಿನ ಕನ್ನಡ. ಬೈಗುಳ ಬಂದಾಗ ಮಾತ್ರ ಕಾಕಾ ಕೆಮ್ಮುತ್ತಿದ್ದ. ಮನೆಯಲ್ಲಿ ಯಾರು ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದ ನಾನು ಕನ್ನಡ ಕಲಿತದ್ದು ಈ ಸೈನಿಕರಿಂದ. ಅಕ್ಷರ ಕಲಿಸಿದವಳು ಅವ್ವ, ಮಾತು ಕಲಿಸಿದವರು ಅವರು.

ನನಗೂ ಕಾಕಾನಿಗೂ ಹೆಚ್ಚು ಇಷ್ಟವಾಗಿದ್ದದ್ದು ಇಟ್ಟಿಗೆ ಭಟ್ಟಿಯ ಚಿತ್ರ. ಹೆಸರು ನನಗೆ ಗೊತ್ತಿರಲಿಲ್ಲ, ನಮ್ಮ ಮನೆಯಲ್ಲಿ ಅದು ಭಟ್ಟಿ ಸಿನಿಮಾ. ನದಿಯ ದಂಡೆಯ ಮೇಲೊಂದು ಪಾಳುಬಿದ್ದ ಇಟ್ಟಿಗೆ ಭಟ್ಟಿ. ಒಳಗೆ ಹನ್ನೊಂದು ಮಂದಿ ಸೈನಿಕರು ಮತ್ತು ಒಬ್ಬ ನರ್ಸು. ಆಚೆ ಬಯಲಿನಲ್ಲಿ ನಾಲ್ಕುನೂರು ಮಂದಿ. ಚಿತ್ರ ಶುರುವಾಗುವ ಮುಂಚೆ ಕಾಕಾ ಕಾರ್ಪೆಟ್ಟಿನ ಮೇಲೆ ಹುರಿದ ಶೇಂಗಾ ಸುರುವಿ, ಅದರಲ್ಲಿ ಹನ್ನೊಂದನ್ನು ಎಣಿಸಿ ಬೇರೆ ಸಾಲಾಗಿ ಇಡುತ್ತಿದ್ದ. ದೊಡ್ಡ ರಾಶಿಯನ್ನು ನಾವು ತಿನ್ನಬಹುದು. ಹನ್ನೊಂದನ್ನು ಮುಟ್ಟುವ ಹಾಗಿಲ್ಲ. ಒಬ್ಬ ಸತ್ತರೆ ಒಂದು ಕಾಳನ್ನು ಸಾಲಿನಿಂದ ತೆಗೆದು ಟೀವಿಯ ಮೇಲಿಡಬೇಕು, ಅದನ್ನೂ ಯಾರೂ ತಿನ್ನುವುದಿಲ್ಲ. ಒಮ್ಮೆ ಹಸಿವಾಗಿ ಟೀವಿಯ ಮೇಲಿನ ಕಾಳಿಗೆ ಕೈ ಹಾಕಿದ ನನಗೆ ಕಾಕಾ ಬೈಯಲಿಲ್ಲ, ಸಿನಿಮಾ ನಿಲ್ಲಿಸಿ ನನ್ನ ಮುಖ ನೋಡಿದ, ಅಷ್ಟೇ. ನಾನು ಕಾಳನ್ನು ತಿರುಗಿ ಇಟ್ಟೆ.

ಅಪ್ಪನಿಗೆ ಈ ಚಿತ್ರ ಸೇರುತ್ತಿರಲಿಲ್ಲ. ಅವರಿಗೆ ಬೇಕಾದದ್ದು ಇನ್ನೊಂದು ಕ್ಯಾಸೆಟ್ಟು. ಅದರಲ್ಲಿ ಎದೆಗೆ ಗುಂಡು ಬಿದ್ದ ನಾಯಕ ಬಾವುಟದ ಕೆಳಗೆ ನಿಂತು ತಾಯ್ನಾಡಿನ ಬಗ್ಗೆ ಉದ್ದಕ್ಕೆ ಭಾಷಣ ಮಾಡುತ್ತಾನೆ, ಹಿಂದೆ ನೂರು ಪಿಟೀಲು. "ಅಣ್ಣಾ, ಪುಪ್ಪುಸಕ್ಕ ಗುಂಡು ಬಿದ್ದಾವ ಇಷ್ಟು ಮಾತಾಡ್ತಾನೇನು? ನೀನ ಹೇಳು," ಎಂದು ಕಾಕಾ ಕೆಣಕುತ್ತಿದ್ದ. "ಸಿನಿಮಾದಾಗ ನಡೀತದಲೇ. ಶೂರರನ್ನ ಹಿಂಗ ತೋರಸಬೇಕು," ಎನ್ನುತ್ತಿದ್ದರು ಅಪ್ಪ. ಭಟ್ಟಿ ಸಿನಿಮಾದಲ್ಲಿ ಶೂರರು ಮೊದಲ ಅರ್ಧ ಗಂಟೆ ಬರೀ ಗುಂಡಿ ತೋಡುತ್ತಾರೆ. ಒಬ್ಬ ಬೂಟಿನೊಳಗಿನ ಬಟ್ಟೆ ಬಿಚ್ಚಿ ಹಿಂಡುತ್ತಾನೆ. ಒಬ್ಬನ ಕೈ ನಡುಗಿ ಗುಂಡು ತುಂಬಲು ಬರುವುದಿಲ್ಲ, ಪಕ್ಕದವನು ಏನೂ ಅನ್ನದೆ ತುಂಬಿ ಕೊಡುತ್ತಾನೆ. ಕಾಕಾ ಅಲ್ಲಿ ಟೇಪು ನಿಲ್ಲಿಸಿ, "ಇದು ಖರೆ ನೋಡು ಗೌರಿ. ಹಿಂಗ ಇರತೈತಿ," ಎನ್ನುತ್ತಿದ್ದ. ಅವನೇನು ಯುದ್ಧ ಕಂಡವನಲ್ಲ. ಆದರೆ ಅವನಿಗೆ ಪಾಠ ಹೇಳಿದ ಮುದುಕ ಪ್ರೊಫೆಸರುಗಳ ಪೈಕಿ ಕೆಲವರು ಕಂಡವರು. ಅವರು ಆ ಬಗ್ಗೆ ಮಾತಾಡುತ್ತಲೇ ಇರಲಿಲ್ಲವೆಂದು ಕಾಕಾ ಹೇಳುತ್ತಿದ್ದ.

ಹೊಟ್ಟೆಗೆ ಗಾಯವಾದ ಒಬ್ಬ ಸೈನಿಕ ಆ ಚಿತ್ರದಲ್ಲಿದ್ದ. ಚಿತ್ರದ ನಡುವಿನಿಂದ ಕೊನೆಯವರೆಗೆ ಅವನು ಭಟ್ಟಿಯ ಮೂಲೆಯಲ್ಲಿ ಮಲಗಿ ನೀರು ಕೇಳುತ್ತಾನೆ. ನರ್ಸು ಕೊಡುವುದಿಲ್ಲ, ಒದ್ದೆ ಬಟ್ಟೆಯಿಂದ ತುಟಿ ಮಾತ್ರ ಒರೆಸುತ್ತಾಳೆ. "ಹೊಟ್ಟಿಗೆ ಪೆಟ್ಟಾದವಗ ನೀರು ಕೊಡಬಾರದು. ಸಿನಿಮಾ ಮಾಡಿದಾವ ಡಾಕ್ಟರನ್ನ ಕೇಳ್ಯಾನ," ಎಂದು ಕಾಕಾ ಪ್ರತಿ ಸಲ ಹೇಳುತ್ತಿದ್ದ, ಪ್ರತಿ ಸಲವೂ ಅವನ ದನಿಯಲ್ಲಿ ಒಂದು ಬಗೆಯ ಹೆಮ್ಮೆಯಿರುತ್ತಿತ್ತು. ಆಮೇಲೆ ಫೋನಿನ ದೃಶ್ಯ. ಸಾರ್ಜೆಂಟ್ ಫೋನೆತ್ತಿ ಆಚೆಯ ದನಿಯನ್ನು ಬಹಳ ಹೊತ್ತು ಕೇಳಿಸಿಕೊಳ್ಳುತ್ತಾನೆ. ಕಾಕಾ ಆ ದನಿಯಾಗಿ ಹೇಳುತ್ತಿದ್ದ: "ಜಾಗಾ ಬಿಡಬ್ಯಾಡ್ರಿ. ಮಂದಿ ಬರ್ಲಿಕ್ಕತ್ತಾರ. ಬೆಳಕು ಹರಿಯೂತನಕ ತಡೀರಿ." ಆಗ ಒಬ್ಬ ಹುಡುಗ ಗಂಟು ಕಟ್ಟಿಕೊಂಡು ನದಿಗಿಳಿಯುತ್ತಾನೆ. ಅವನು ಆಚೆ ದಡದಿಂದ ಜನ ಕರೆತರಲು ಹೋಗುತ್ತಿದ್ದಾನೆ ಎಂದು ಕಾಕಾ ಹೇಳಿದ್ದ; ಅವನ ಶೇಂಗಾ ಕಾಳನ್ನು ಸಾಲಿನಿಂದ ತೆಗೆದು ಬೇರೆ ಕಡೆ ಇಡುತ್ತಿದ್ದೆವು, ತಿರುಗಿ ಬರುವವನಲ್ಲವೇ ಎಂದು. ಚಿತ್ರ ಮುಗಿಯುವಾಗ ಬೆಳಗಿನ ಮಂಜಿನಲ್ಲಿ ದೂರದಿಂದ ಎಂಜಿನ್ನುಗಳ ಸದ್ದು ಕೇಳುತ್ತದೆ, ಪರದೆ ಕಪ್ಪಾಗುತ್ತದೆ. "ಬಂದ್ರು ನೋಡ್ರಿ ನಮ್ಮವರು," ಎನ್ನುತ್ತಿದ್ದ ಕಾಕಾ. ಆಗ ಮಾತ್ರ ಉಳಿದ ಕಾಳುಗಳನ್ನು ಹಂಚಿಕೊಂಡು ತಿನ್ನಬಹುದಿತ್ತು.

ನನಗೆ ಹತ್ತು ವರ್ಷವಿದ್ದಾಗ ಹುಬ್ಬಳ್ಳಿಯಿಂದ ಆ ಕಾಗದ ಬಂತು. ಕಾಕಾನ ಗೆಳೆಯರೊಬ್ಬರು ಅಲ್ಲಿ ನರ್ಸಿಂಗ್ ಹೋಮ್ ತೆರೆದಿದ್ದರು. ಒಬ್ಬ ಡಾಕ್ಟರ್ ಬೇಕಾಗಿದ್ದಾನೆ, ನೀನೇ ಬಾ, ಎರಡು ತಿಂಗಳು ನಿನಗಾಗಿ ಜಾಗ ಹಿಡಿದಿಟ್ಟಿರುತ್ತೇನೆ ಎಂದು ಬರೆದಿದ್ದರು. ಊರಿನಲ್ಲಿ ಅವನ ಡಿಗ್ರಿ ನಡೆಯುತ್ತಿತ್ತು. ಹೋದರೆ ಆ ದಿನದಿಂದಲೇ ಮತ್ತೆ ಡಾಕ್ಟರು. ಇಲ್ಲೇ ಉಳಿದರೆ ಟ್ರಾಲಿ, ಮತ್ತೊಂದು ಪರೀಕ್ಷೆ. ಊಟದ ಟೇಬಲ್ಲಿನ ಮೇಲೆ ಅಪ್ಪ ಕಾಗದ ಓದಿ, "ಛಲೋ ಆತು," ಎಂದರು. ಅವ್ವನೂ ಛಲೋ ಆತು ಎಂದಳು. ಕಾಕಾ ಕಾಗದವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ. ಅದು ಅಲ್ಲಿ ಐದು ವಾರ ಇತ್ತು. ಹಾಲು ತೆಗೆಯಲು ಹೋದಾಗಲೆಲ್ಲ ನಾನು ಅದನ್ನು ನೋಡುತ್ತಿದ್ದೆ, ಒಂದು ಸಲ ಕಿತ್ತು ಹರಿದುಬಿಡೋಣವೆಂದು ಕೈಯೂ ಹಾಕಿದ್ದೆ. ಕಾಕಾ ಇಲ್ಲದ ಮನೆಯಲ್ಲಿ ಯಾರ ಜೊತೆ ಇರಬೇಕು? ಹೋಮ್‌ವರ್ಕ್ ನೋಡುವವನು ಅವನು, ಶಾಲೆಯಲ್ಲಿ ನನ್ನ ಊಟದ ಡಬ್ಬಿಯ ವಾಸನೆಗೆ ಮೂಗು ಮುಚ್ಚಿಕೊಂಡವರ ಬಗ್ಗೆ ನಾನು ಅತ್ತು ಹೇಳುತ್ತಿದ್ದದ್ದು ಅವನಿಗೆ.

ಆರನೆಯ ರವಿವಾರ ಭಟ್ಟಿ ಸಿನಿಮಾ ನೋಡಿದೆವು. ಮುಗಿದ ಮೇಲೆ ಅವನು ಟೇಪನ್ನು ಹಿಂದಕ್ಕೆ ಓಡಿಸುತ್ತ ಕೂತಿದ್ದ. ನಾನು ಅವನ ಎದುರಿಗೆ ನಿಂತು, ಹುಟ್ಟಿದಾಗಿನಿಂದ ಮೊದಲ ಸಲ, ಒಂದೂ ಇಂಗ್ಲಿಷ್ ಶಬ್ದವಿಲ್ಲದೆ ಹೇಳಿದೆ: "ಕಾಕಾ, ಜಾಗಾ ಬಿಡಬ್ಯಾಡ. ಮಂದಿ ಬರ್ತಾರ." ಅವನು ನನ್ನನ್ನು ನೋಡಿದ. ನಗುತ್ತಾನೆಂದು ಕಾದೆ. ಟೇಪು ಓಡಿ ನಿಂತ ಮೇಲೆ, "ಖರೆ ಹೇಳಿದಿ," ಎಂದ. ನನ್ನ ತಲೆಯ ಮೇಲೆ ಕೈಯಿಟ್ಟು, ಕ್ಯಾಸೆಟ್ಟನ್ನು ಡಬ್ಬಿಗೆ ಹಾಕಿ, ಆಯಿಯನ್ನು ಹೊರಳಿಸುವ ಹೊತ್ತಾಯಿತೆಂದು ಎದ್ದು ಹೋದ. ಮಂಗಳವಾರ ಹಾಲು ತೆಗೆಯಲು ಹೋದರೆ ಫ್ರಿಜ್ಜಿನ ಮೇಲೆ ಕಾಗದ ಇರಲಿಲ್ಲ. ನಾನು ಅಡುಗೆಮನೆಯಲ್ಲೇ ಕುಣಿದೆ. ಒಂದು ವಾಕ್ಯ ಹೇಳಿ ಒಬ್ಬ ಮನುಷ್ಯನನ್ನು ನಿಲ್ಲಿಸಿಕೊಂಡಿದ್ದೆ! ಹತ್ತು ವರ್ಷದ ಹುಡುಗಿಗೆ ಇನ್ನೇನು ಬೇಕು?

ಮೂರನೆಯ ಸಲದ ಪರೀಕ್ಷೆ ಆ ವರ್ಷದ ಕೊನೆಗೆ ಬಂತು. ಅದೇ ವಾರ ಆಯಿಗೆ ಎದೆಯಲ್ಲಿ ಕಫ ಕಟ್ಟಿ ಉಸಿರು ಹಿಡಿಯಿತು. ಕಾಕಾ ಎಂಟು ದಿನ ಅವಳ ಪಕ್ಕದ ಕುರ್ಚಿ ಬಿಟ್ಟು ಏಳಲಿಲ್ಲ, ಕಡೆಗೆ ಕೂತಿದ್ದ ಬಟ್ಟೆಯಲ್ಲೇ ಪರೀಕ್ಷೆಗೆ ಹೋಗಿ ಬಂದ. ಫೇಲು. ನಾಲ್ಕನೆಯ ಸಲಕ್ಕೆ ಅವನು ಹೆಸರನ್ನೇ ಕೊಡಲಿಲ್ಲ. ಆಯಿ ಮತ್ತೆ ಮೂರು ವರ್ಷ ಬದುಕಿದಳು, ಮೈಮೇಲೆ ಒಂದೂ ಹುಣ್ಣಿಲ್ಲದೆ ಹೋದಳು. ಮನೆಗೆ ಬಂದ ಸರ್ಕಾರಿ ನರ್ಸ್ ಆ ಬೆನ್ನು ನೋಡಿ, ಇವರನ್ನು ನೋಡಿಕೊಂಡವರು ಯಾರು ಎಂದು ಕೇಳಿದ್ದು ನನಗೆ ನೆನಪಿದೆ. ಅಷ್ಟರಲ್ಲಿ ಹುಬ್ಬಳ್ಳಿಯ ಜಾಗಕ್ಕೆ ಬೇರೆಯವರು ಬಂದಾಗಿತ್ತು, ಕಾಕಾನಿಗೆ ಡಿಗ್ರಿ ಕೊಟ್ಟ ದೇಶವೂ ಒಡೆದು ಹೋಗಿತ್ತು. ಅವನು ಶೆಫೀಲ್ಡಿಗೆ ಹೋಗಿ ಅಲ್ಲಿಯ ಆಸ್ಪತ್ರೆಯೊಂದರಲ್ಲಿ ಪೋರ್ಟರ್ ಆಗಿ ಸೇರಿ, ನಿವೃತ್ತಿಯಾಗುವವರೆಗೆ ಅದೇ ಕೆಲಸದಲ್ಲಿದ್ದ. ಮದುವೆಯಾಗಲಿಲ್ಲ. ಟ್ರ್ಯಾಮ್ ಹಾದುಹೋದರೆ ಕಿಟಕಿ ನಡುಗುವ ಒಂದು ಫ್ಲ್ಯಾಟು, ತುಂಬ ಪುಸ್ತಕ, ವಿಸಿಆರ್ ಮಾತ್ರ ಇಲ್ಲ. ನಾನು ಹೋದಾಗಲೆಲ್ಲ ಅನ್ನ ಸಾರು ಮಾಡಿ ಬಡಿಸುತ್ತಿದ್ದ, ಸಿನಿಮಾದ ಮಾತು ಎತ್ತಿದರೆ ನಕ್ಕು ತಪ್ಪಿಸಿಕೊಳ್ಳುತ್ತಿದ್ದ.

ಅವನು ತೀರಿಕೊಂಡು ಏಳು ವರ್ಷವಾಯಿತು. ಅಂತ್ಯಕ್ರಿಯೆಗೆ ಹತ್ತು ಹನ್ನೆರಡು ಮಂದಿ ಪೋರ್ಟರುಗಳು ಪಾಳಿ ಬದಲಿಸಿಕೊಂಡು ಯೂನಿಫಾರ್ಮಿನಲ್ಲೇ ಬಂದಿದ್ದರು. ಅವರಲ್ಲೊಬ್ಬ, ಬಿಳಿ ಗಡ್ಡದ ಯಾರ್ಕ್‌ಷೈರಿನವನು, ನನಗೆ ಒಂದು ಸಂಗತಿ ಹೇಳಿದ. ಆಪರೇಷನ್ನಿಗೆ ಹೊರಟವರು ಟ್ರಾಲಿಯ ಮೇಲೆ ಅಂಗಾತ ಮಲಗಿರುವುದರಿಂದ ಅವರಿಗೆ ದಾರಿ ಕಾಣುವುದಿಲ್ಲ, ಬರೀ ಚಾವಣಿಯ ದೀಪಗಳು ಕಾಣುತ್ತವೆ. ಮಲ್ಲು ಕಾಕಾ ತಳ್ಳಿಕೊಂಡು ಹೋಗುವಾಗ, ಈಗ ಎಡಕ್ಕೆ ತಿರುಗುತ್ತೇವೆ, ಈಗ ಒಂದು ಸಣ್ಣ ಏರು, ಈಗ ಲಿಫ್ಟು, ಲಿಫ್ಟಿನಲ್ಲಿ ಸ್ವಲ್ಪ ಚಳಿ ಎಂದು ಹೇಳುತ್ತಲೇ ಹೋಗುತ್ತಿದ್ದನಂತೆ. ಹೊಸದಾಗಿ ಸೇರಿದವರಿಗೆಲ್ಲ ಅದನ್ನೇ ಕಲಿಸಿದನಂತೆ. ಅದನ್ನು ಕೇಳಿ ಅಪ್ಪ ಮುಖ ಆಚೆ ತಿರುಗಿಸಿದರು. ನಾನೋ, ಆ ದಿನವಿಡೀ ನನ್ನನ್ನು ನಾನೇ ಶಪಿಸಿಕೊಂಡೆ. ಟ್ರಾಲಿಯ ಹಿಂದೆ ನಿಂತವನನ್ನು, ಡಾಕ್ಟರಾಗಿ ಅದರ ಮುಂದೆ ನಿಲ್ಲಬೇಕಾದ ಜಾಗಕ್ಕೆ ಹೋಗದಂತೆ ತಡೆದವಳು ನಾನು. ಬೆಳೆದಂತೆಲ್ಲ ಆ ಹತ್ತನೆಯ ವಯಸ್ಸಿನ ಹೆಮ್ಮೆ ತಪ್ಪಿತಸ್ಥ ಭಾವವಾಗಿ ತಿರುಗಿತ್ತು, ಯಾರಿಗೂ ಹೇಳಿರಲಿಲ್ಲ.

ವಿಸಿಆರಿನ ವಾಸನೆ ಬಂದ ಆ ವಾರವೇ ನಾನು ಭಟ್ಟಿ ಸಿನಿಮಾವನ್ನು ಹುಡುಕಲು ಕೂತೆ. ಹೆಸರಿಲ್ಲದೆ ಹುಡುಕುವುದೆಂದರೆ ಕಷ್ಟ. ನದಿ, ಇಟ್ಟಿಗೆ, ಹನ್ನೊಂದು ಎಂದೆಲ್ಲ ಹಾಕಿ ಹಾಕಿ ನಾಲ್ಕನೆಯ ದಿನ ಇಂಟರ್ನೆಟ್ಟಿನಲ್ಲಿ ಸಿಕ್ಕಿತು, ಕೆಳಗೆ ಇಂಗ್ಲಿಷ್ ಅನುವಾದದ ಅಕ್ಷರಗಳ ಸಮೇತ. ಒಂದು ಶನಿವಾರ ಬೆಳಿಗ್ಗೆ ಒಬ್ಬಳೇ ನೋಡಿದೆ. ಮೊದಲ ದೃಶ್ಯ ಬಂದ ಕೂಡಲೇ ನಿಲ್ಲಿಸಬೇಕಾಯಿತು. ಅದು ಬಣ್ಣದ ಚಿತ್ರ! ರಷ್ಯಾದ ಟೇಪು ಇಂಗ್ಲೆಂಡಿನ ಯಂತ್ರದಲ್ಲಿ ಬಣ್ಣ ತೋರಿಸುತ್ತಿರಲಿಲ್ಲವೆಂದು ನನ್ನ ಕೆಲಸದಿಂದಲೇ ನನಗೆ ಗೊತ್ತಿರಬೇಕಾಗಿತ್ತು, ಹೊಳೆದೇ ಇರಲಿಲ್ಲ. ಭಟ್ಟಿ ಕೆಂಪಗಿತ್ತು, ನಮ್ಮ ಹಾರ್ಬೋರ್ನಿನ ಬೀದಿಯಷ್ಟೇ ಕೆಂಪಗೆ. ನದಿಯ ದಂಡೆಯಲ್ಲಿ ಹಳದಿ ಹೂಗಳಿದ್ದವು. ಹೊಟ್ಟೆಗೆ ಗಾಯವಾದವನ ಕಣ್ಣು ನೀಲಿ. ಸಾರ್ಜೆಂಟನ ಬಾಯಿಂದ ರಷ್ಯನ್ ಬರುವುದು ನನಗೆ ವಿಚಿತ್ರವಾಗಿತ್ತು. ಇವನ್ಯಾಕೆ ತನ್ನ ಭಾಷೆ ಬಿಟ್ಟು ಬೇರೆ ಏನೋ ಮಾತಾಡುತ್ತಿದ್ದಾನೆ ಎನಿಸಿತು.

ಫೋನಿನ ದೃಶ್ಯ ಬಂತು. ಆಚೆಯ ದನಿ ಹೇಳಿದ್ದು ಇಷ್ಟು: ನಿಮ್ಮ ಕಡೆಗೆ ಯಾರನ್ನೂ ಕಳಿಸಲು ಆಗುವುದಿಲ್ಲ. ಹಿಂದೆ ಸರಿಯಲು ಅನುಮತಿಯಿದೆ. ಕತ್ತಲಾಗುವುದರೊಳಗೆ ನದಿ ದಾಟಿ ಬನ್ನಿ. ಸಾರ್ಜೆಂಟ್ ಫೋನಿಟ್ಟು ನರ್ಸಿನ ಕಡೆ ನೋಡುತ್ತಾನೆ. ಅವಳು ಹೊಟ್ಟೆಗೆ ಗಾಯವಾದವನ ಪಕ್ಕದಲ್ಲಿ ಕೂತವಳು ತಲೆಯೆತ್ತದೆ, ಇವನನ್ನು ಎತ್ತಲಾಗುವುದಿಲ್ಲ, ಎತ್ತಿದರೆ ಸಾಯುತ್ತಾನೆ ಎನ್ನುತ್ತಾಳೆ. ಕಾಕಾನ ಕನ್ನಡದಲ್ಲಿ ಅವಳ ಈ ಮಾತು "ಇವಗೇನೂ ಆಗೂದಿಲ್ಲ" ಎಂದಿತ್ತು. ಸಾರ್ಜೆಂಟ್ ಎಲ್ಲರಿಗೂ ಫೋನಿನ ಸುದ್ದಿ ಹೇಳುತ್ತಾನೆ, ಹೋಗುವವರು ಹೋಗಿ ಎನ್ನುತ್ತಾನೆ. ಒಬ್ಬ ಹುಡುಗ ಹೋಗುತ್ತಾನೆ. ಜನ ಕರೆತರಲು ಅಲ್ಲ, ಜೀವ ಉಳಿಸಿಕೊಳ್ಳಲು. ಅವನನ್ನು ಯಾರೂ ಬೈಯುವುದಿಲ್ಲ, ಒಬ್ಬ ತನ್ನ ರೊಟ್ಟಿಯ ಚೂರನ್ನು ಅವನ ಜೇಬಿಗೆ ಹಾಕುತ್ತಾನೆ. ಉಳಿದವರು ಕಟ್ಟಿದ ಗಂಟು ಬಿಚ್ಚಿ ಮತ್ತೆ ಗುಂಡಿ ತೋಡಲು ಹೋಗುತ್ತಾರೆ. ಭಾಷಣ ಇಲ್ಲ, ಪಿಟೀಲು ಇಲ್ಲ. ಸಲಿಕೆ ಮಣ್ಣಿಗೆ ಬೀಳುವ ಸದ್ದು ಮಾತ್ರ. ಸದ್ದಿನ ಕಸುಬಿನವಳಾಗಿ ಹೇಳುತ್ತೇನೆ, ಅಷ್ಟು ನಿಜವಾದ ಸದ್ದನ್ನು ನಾನು ಯಾವ ಯುದ್ಧದ ಚಿತ್ರದಲ್ಲೂ ಕೇಳಿಲ್ಲ. ಕೊನೆಯ ಎಂಜಿನ್ನುಗಳು ಯಾರವೆಂದು ಚಿತ್ರ ಹೇಳುವುದೇ ಇಲ್ಲ.

ಅವರು ನಿಂತದ್ದು ಭಟ್ಟಿಗಾಗಿ ಅಲ್ಲ, ಬಾವುಟಕ್ಕಾಗಿ ಅಲ್ಲ. ಎತ್ತಲಾಗದ ಒಬ್ಬನಿದ್ದ, ಅದಕ್ಕೆ. ಇಷ್ಟು ಸರಳವಾದದ್ದನ್ನು ಮೂವತ್ತೈದು ವರ್ಷ ನಾನು ಬೇರೆ ಕಥೆ ಎಂದುಕೊಂಡಿದ್ದೆ. ಈಗ ಅಂಥ ಚಿತ್ರಗಳನ್ನು ಹೊಗಳುವುದೂ ಸುಲಭವಲ್ಲ. ಕಾಕಾ ಓದಿದ ಊರಿನ ಮೇಲೆ ಬಾಂಬು ಬೀಳುತ್ತಿರುವುದನ್ನು ದಿನಾ ಸುದ್ದಿಯಲ್ಲಿ ನೋಡುತ್ತೇವೆ. ಭಟ್ಟಿಯಲ್ಲಿ ಒಂದೇ ಬಟ್ಟಲಲ್ಲಿ ಉಂಡವರ ಮೊಮ್ಮಕ್ಕಳು ಇಂದು ಎದುರುಬದುರು ನಿಂತಿದ್ದಾರೆ, ಒಂದು ಕಡೆಯವರು ಆ ಹಳೆಯ ಶೌರ್ಯವನ್ನೇ ಬಾವುಟ ಮಾಡಿಕೊಂಡಿದ್ದಾರೆ. ಇದನ್ನು ನೋಡಲು ಅವನು ಇಲ್ಲದೆ ಹೋದದ್ದೇ ಒಳ್ಳೆಯದು. ಆದರೆ ನನ್ನನ್ನು ಆ ಶನಿವಾರ ಕೂರಲು ಬಿಡದಿದ್ದದ್ದು ಇನ್ನೊಂದು ಯೋಚನೆ. ನಾನು ಅವನೆದುರು ನಿಂತು ಮಂದಿ ಬರ್ತಾರ ಎಂದಾಗ, ಯಾರೂ ಬರುವುದಿಲ್ಲವೆಂದು ಗೊತ್ತಿದ್ದವನು ಅವನೊಬ್ಬನೇ. ಫ್ರಿಜ್ಜಿನ ಮೇಲೆ ಅನುಮತಿಯ ಕಾಗದ ಇತ್ತು. ಎತ್ತಲಾಗದವಳು ಮುಂದಿನ ಕೋಣೆಯಲ್ಲಿ ಮಲಗಿದ್ದಳು.

ಮರುದಿನ ರೈಲು ಹತ್ತಿ ಬರ್ಮಿಂಗ್‌ಹ್ಯಾಮಿಗೆ ಹೋದೆ. ಅಪ್ಪ ಅವ್ವ ಈಗ ಹಾರ್ಬೋರ್ನಿನಲ್ಲೇ ಒಂದು ಸಣ್ಣ ಫ್ಲ್ಯಾಟಿನಲ್ಲಿದ್ದಾರೆ. ಅಪ್ಪನಿಗೆ ಎಂಬತ್ತು ದಾಟಿದೆ. ಹೈಸ್ಟ್ರೀಟಿಗೆ ಹೋದರೆ ಇಂದಿಗೂ ಯಾರಾದರೂ ನಿಲ್ಲಿಸಿ, ಡಾಕ್ಟರ್, ನೀವು ನನ್ನ ಜೀವ ಉಳಿಸಿದಿರಿ ಎಂದು ಕೈಹಿಡಿಯುತ್ತಾರೆ. ಅವರ ಎದುರು ಕೂತು ಎಲ್ಲ ಹೇಳಿದೆ. ನಾನು ಕಾಕಾನಿಗೆ ಹೇಳಿದ್ದ ಮಾತನ್ನು, ಹರಿದುಹಾಕಲು ಹೊರಟಿದ್ದ ಕಾಗದವನ್ನು, ಸಿನಿಮಾದಲ್ಲಿ ನಿಜವಾಗಿ ಇದ್ದದ್ದನ್ನು. ಹೇಳುತ್ತ ಹೇಳುತ್ತ ಅತ್ತುಬಿಟ್ಟೆ. ಅಪ್ಪ ಕನ್ನಡಕ ತೆಗೆದು ಟೇಬಲ್ಲಿನ ಮೇಲಿಟ್ಟರು.

"ನಿನ್ನ ಮಾತಿಗೆ ಅವ ನಿಂತಿಲ್ಲ, ಗೌರಿ," ಎಂದರು. "ಆ ರವಿವಾರ ಮಧ್ಯಾಹ್ನನ ಅವ ನನ್ನ ಹತ್ರ ಬಂದಿದ್ದ. ನಾ ಪೇಪರ್ ಓದ್ತಿದ್ದೆ. 'ಅಣ್ಣಾ, ನಾ ಹೋದ್ರ ದೊಡ್ಡವ್ವನ್ನ ಯಾರು ನೋಡ್ತಾರ?' ಅಂತ ಕೇಳಿದ. ಒಮ್ಮೆ ಕೇಳಿದ, ಅಷ್ಟ. ನೀ ಹೋಗಲೇ, ನಾ ನೋಡ್ತೀನಿ, ಅಂತ ಹೇಳೂದಿತ್ತು. ನಮ್ಮವ್ವ ನನಗ ಹೆತ್ತಾಕಿ. ರಜಾ ಹಾಕಬಹುದಿತ್ತು. ಮಂದಿ ಇಡಬಹುದಿತ್ತು." ಅವರು ಕನ್ನಡಕವನ್ನು ಟೇಬಲ್ಲಿನ ಮೇಲೆ ಆಚೆ ಸರಿಸಿದರು. ಅದು ನನಗೆ ಗೊತ್ತಿದ್ದ ಅಪ್ಪನ ದನಿಯಾಗಿರಲಿಲ್ಲ. "ನಾ ಪೇಪರ್ ತಿರುವಿದೆ. ಸುಮ್ಮನ ಕುಂತೆ. ಅವ ಒಂದೀಟು ಹೊತ್ತು ನಿಂತಿದ್ದ, ಆಮ್ಯಾಲೆ ನಿನಗ ಸಿನಿಮಾ ಹಚ್ಚಾಕ ಹೋದ."

ನನಗೆ ಹಗುರವಾಗಬೇಕಿತ್ತು, ಆಗಲಿಲ್ಲ. ಈ ಮುದುಕನ ಮೇಲೆ ಬಂದ ಸಿಟ್ಟನ್ನು ಏನು ಮಾಡಬೇಕೆಂದು ತಿಳಿಯದೆ ಅವರ ಕೈಯನ್ನೇ ನೋಡುತ್ತ ಕೂತೆ, ಅಷ್ಟೊಂದು ಜನರನ್ನು ಹೊಲಿದ ಕೈ. ಅವ್ವ ಅಡುಗೆಮನೆಯ ಬಾಗಿಲಲ್ಲಿ ಬಂದು ಯಾವಾಗ ನಿಂತಿದ್ದಳೋ ಗೊತ್ತಿಲ್ಲ. ಕೈಯಲ್ಲಿ ಒರೆಸುವ ಬಟ್ಟೆ ಹಾಗೇ ಇತ್ತು.

"ನೀವೊಬ್ಬರ ಅಲ್ಲರಿ," ಎಂದಳು ಅಪ್ಪನಿಗೆ. ಆಮೇಲೆ ನನ್ನ ಕಡೆ ತಿರುಗಿದಳು. "ಅವ ಕೇಳಿದ್ದು ನನಗೂ ಕೇಳಿಸಿತ್ತು, ಗೌರಿ. ಅವ ಹೋದ್ರ ಅತ್ತೀನ್ನ ಎತ್ತಾವ್ರು ಯಾರು ಅಂತ ನನ್ನ ಚಿಂತಿ ನನಗ. ನಾನೂ ತುಟಿ ಬಿಚ್ಚಲಿಲ್ಲ. ಅವತ್ತಿನಿಂದ ಅವನ ತಾಟಿಗೆ ದಿನಾ ಒಂದು ರೊಟ್ಟಿ ಹೆಚ್ಚಿಗಿ ಹಾಕಾಕ ಹತ್ತಿದೆ. ಯಾಕ ಅಂತ ಅವ ಒಂದಿನಾನೂ ಕೇಳಲಿಲ್ಲ. ಉಂಡ."